ರೇಜರ್ ಹಾಕಿದ್ರೆ ಗಡ್ಡ ಬರುತ್ತಾ?

[ಕಿಟಕಿ ಪಕ್ಕ, ಕೈಯಲ್ಲಿ ಪುಟ್ಟ ಕನ್ನಡಿ]

ಎಲ್ರಿಗೂ ನಮಸ್ಕಾರ. ಕಿಟಕಿ ಹತ್ರ ಯಾಕೆ ಕೂತಿದೀನಿ ಅಂತ ಹೆಣ್ಮಕ್ಕಳಿಗೆ ಹೇಳ್ಬೇಕಾಗಿಲ್ಲ. ಬಚ್ಚಲುಮನೆ ಕನ್ನಡಿ ಮುಚ್ಚಿಟ್ಟಿದ್ದ ಮುಖದ ಕೂದಲನ್ನ ಈ ಬೆಳಕು ತೋರಿಸಿಬಿಡುತ್ತೆ.

ಮೊದಲು ನನ್ನ ಕಥೆ. ಚಿಕ್ಕಮ್ಮನ ಮಗಳ ಮದುವೆ, ಮಾರನೇ ದಿನ ಅರಿಶಿನ ಶಾಸ್ತ್ರ. ತುಟಿ ಮೇಲೆ ಕೂದಲು ತೆಗೆಯೋ ಕ್ರೀಮ್ ಹಚ್ಕೊಂಡೆ. ಅಷ್ಟರಲ್ಲಿ ಫೋನ್ ಬಂತು. ಐದು ನಿಮಿಷ ಇರಬೇಕಾದ್ದು ಹದಿನೈದು ಆಯ್ತು. ಕೂದಲೇನೋ ಹೋಯ್ತು, ಮೀಸೆ ಉಳೀತು! ಸುಟ್ಟ ಜಾಗ ಕಂದು ಬಣ್ಣಕ್ಕೆ ತಿರುಗಿ, ಮದುವೆ ಆಲ್ಬಮ್ ಪೂರ್ತಿ ಹಾಗೇ ಇದೆ. ಆ ಕ್ರೀಮಿನಲ್ಲಿರೋ ಥಯೋಗ್ಲೈಕೊಲೇಟ್ ಅನ್ನೋ ರಾಸಾಯನಿಕ ಕೂದಲಿನ ಕೆರಾಟಿನ್ ಅನ್ನೋ ಪ್ರೋಟೀನನ್ನ ಕರಗಿಸುತ್ತೆ. ನಮ್ಮ ಚರ್ಮದ ಮೇಲ್ಪದರದಲ್ಲೂ ಕೆರಾಟಿನ್ನೇ ಇರೋದು. ಹೊತ್ತು ಮೀರಿದ್ರೆ ಅದನ್ನೂ ಬಿಡಲ್ಲ. ಹಚ್ಚಲೇಬೇಕು ಅಂದ್ರೆ ಮುಖಕ್ಕೆ ಅಂತಲೇ ಇರೋದನ್ನ ತಗೊಳ್ಳಿ, ಹಿಂದಿನ ದಿನ ದವಡೆ ಕೆಳಗೆ ಚೂರು ಹಚ್ಚಿ ನೋಡಿ, ಫೋನ್ ಬೇರೆ ರೂಮಲ್ಲಿಡಿ.

ಕಡಲೆಹಿಟ್ಟು, ಅರಿಶಿನ? ಒಣಗಿದ ಮೇಲೆ ಉಜ್ಜಿದ್ರೆ ನಾಲ್ಕು ಕೂದಲು ಕಿತ್ತು ಬರಬಹುದು. ಬೇರಿಗೇನೂ ಆಗಲ್ಲ. ಬೇಡ ಅನ್ನಲ್ಲ, ಅಜ್ಜಿ ಬೈತಾರೆ.

ಸರಿ, ನಾನೀಗ ಏನು ಮಾಡ್ತೀನಿ ಅಂದ್ರೆ, ಇದು.

[ಹುಬ್ಬಿನ ರೇಜರ್ ಕ್ಯಾಮೆರಾಗೆ ಹತ್ತಿರ]

ಹೌದು, ರೇಜರ್. ನಮ್ಮಮ್ಮ ನೋಡಿದ ತಕ್ಷಣ ಅಂದಿದ್ದು, "ಅಯ್ಯೋ, ಗಂಡಸರ ಥರ ಗಡ್ಡ ಬರುತ್ತೆ ಕಣೇ!" ಬರಲ್ಲ. ಅಮೆರಿಕದ ಅಂಗರಚನಾ ತಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಗಂಡಸರ ಗಡ್ಡದ ಮೇಲೇ ಇದನ್ನ ಪರೀಕ್ಷೆ ಮಾಡಿ ನೋಡಿದ್ರು. ಬೋಳಿಸಿದ್ದಕ್ಕೆ ಕೂದಲು ದಪ್ಪನೂ ಆಗ್ಲಿಲ್ಲ, ಬೇಗನೂ ಬೆಳೀಲಿಲ್ಲ. ಮತ್ತೆ ಕೈಗೆ ಒರಟು ಯಾಕೆ ಹತ್ತುತ್ತೆ? ಗದ್ದೆ ನೆನಪಿಸ್ಕೊಳ್ಳಿ. ಭತ್ತದ ಪೈರು ಸವರಿದ್ರೆ ಮೆತ್ತಗಿರುತ್ತೆ, ಕೊಯ್ದ ಮೇಲೆ ಕೂಳೆ ಕಾಲಿಗೆ ಚುಚ್ಚುತ್ತೆ. ಬುಡ ದಪ್ಪ ಆಗಿಲ್ಲ, ಚೂಪು ತುದಿ ಹೋಗಿದೆ ಅಷ್ಟೇ.

[ಕ್ಲೋಸಪ್: ಕೆನ್ನೆ]

ನೋಡಿ. ಮುಖ ತೊಳೆದು ಒರೆಸಿದೀನಿ, ತೆಳ್ಳಗೆ ಲೋಳೆಸರದ ಜೆಲ್ ಹಚ್ಚಿದೀನಿ. ಎಡಗೈಯಲ್ಲಿ ಕಿವಿ ಹತ್ರ ಚರ್ಮ ಬಿಗಿಯಾಗಿ ಎಳೆದು ಹಿಡೀರಿ. ಬ್ಲೇಡ್ ನೆಟ್ಟಗೆ ನಿಲ್ಲಿಸಬೇಡಿ, ಓರೆ ಮಾಡಿ. ಕೂದಲು ಬೆಳೆಯೋ ದಿಕ್ಕಿಗೇ, ಪುಟ್ಟ ಪುಟ್ಟದಾಗಿ ಎಳೀರಿ. ಒತ್ತಬೇಡಿ. ಒಂದೊಂದು ಸಲ ಎಳೆದಾಗಲೂ ಟಿಶ್ಯೂಗೆ ಒರೆಸಿ.

[ಟಿಶ್ಯೂ ತೋರಿಸುತ್ತಾ]

ಈ ಹತ್ತಿ ಥರ ಕಾಣ್ತಿದೆಯಲ್ಲ, ಅದು ಕೂದಲು, ಸತ್ತ ಚರ್ಮ, ಎರಡೂ. ಮೊಡವೆ ಇದ್ರೆ ಆ ಜಾಗ ಬಿಟ್ಟುಬಿಡಿ. ರೇಜರ್ ಅಕ್ಕ ತಂಗಿಗೂ ಕೊಡಬೇಡಿ. ರಾತ್ರಿ ಮಾಡಿದ್ರೆ ವಾಸಿ, ಬಿಸಿಲು ತಾಗಲ್ಲ. ಬೆಳಿಗ್ಗೆ ಸನ್‌ಸ್ಕ್ರೀನ್ ಮರೀಬೇಡಿ.

ವ್ಯಾಕ್ಸ್, ಥ್ರೆಡಿಂಗ್ ಮಾಡಿದ್ರೆ ಕೂದಲು ಬುಡಸಮೇತ ಬರುತ್ತೆ, ಹಾಗಾಗಿ ಹೆಚ್ಚು ದಿನ ತಡೆಯುತ್ತೆ. ಆದ್ರೆ ಮೊಡವೆಗೆ ಟ್ರೆಟಿನಾಯ್ನ್ ಅಥವಾ ಅಡಾಪಲೀನ್ ಹಚ್ತಾ ಇದ್ರೆ ವ್ಯಾಕ್ಸ್ ತಂಟೆಗೇ ಹೋಗಬೇಡಿ, ಚರ್ಮ ಕಿತ್ತು ಬರುತ್ತೆ.

ಬೆಳಕು ಬಿಟ್ಟು ಕೂದಲು ಕಡಿಮೆ ಮಾಡೋ, ಮನೇಲಿ ಬಳಸೋ ಐಪಿಎಲ್ ಮೆಷಿನ್ ತಗೊಳ್ಳಲಾ ಅಂತ ಕೇಳೋರಿಗೆ: ಅದರ ಬೆಳಕು ಹುಡುಕೋದು ಕಪ್ಪು ಬಣ್ಣನ. ಕೂದಲಿನದೋ ಚರ್ಮದ್ದೋ ಅಂತ ಅದಕ್ಕೆ ಗೊತ್ತಾಗಲ್ಲ. ನಮ್ಮಂಥ ಬಣ್ಣದವರಿಗೆ ಸುಡೋ ಭಯ ಇದೆ. ಇನ್ನೊಂದು ತಮಾಷೆ, ಕೆಲವರಿಗೆ ಕೆನ್ನೆ, ಗದ್ದದಲ್ಲಿ ಕೂದಲು ಇನ್ನೂ ಜಾಸ್ತಿ ಆಗುತ್ತೆ! ದುಡ್ಡು ಕೊಟ್ಟು ಬೆಳೆಸ್ಕೊಂಡ ಹಾಗೆ. ಬಿಳಿ ಕೂದಲಿಗಂತೂ ಅದು ಕೆಲಸನೇ ಮಾಡಲ್ಲ.

ಇಷ್ಟು ಹೊತ್ತು ಹೇಳಿದ್ದು ನವಿರು ಕೂದಲಿನ ಮಾತು. ಗದ್ದದಲ್ಲಿ, ಕತ್ತಲ್ಲಿ, ಹೊಟ್ಟೆ ಮೇಲೆ ಕಪ್ಪಗೆ, ದಪ್ಪಗೆ ಬರ್ತಿದ್ಯಾ? ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗ್ತಿಲ್ವಾ? ಪಿಸಿಓಎಸ್ ಅನ್ನೋ ಹಾರ್ಮೋನ್ ಏರುಪೇರಿನ ತೊಂದರೆ ಇರಬಹುದು, ಡಾಕ್ಟರಿಗೆ ತೋರಿಸ್ಕೊಳ್ಳಿ. ಇದ್ದಕ್ಕಿದ್ದಂತೆ ಶುರುವಾಗಿ ದನಿನೂ ಗಡುಸಾಗ್ತಿದ್ರೆ ಮಾತ್ರ ಒಂದು ವಾರನೂ ಕಾಯಬೇಡಿ.

ಮತ್ತೆ, ಡಾಕ್ಟರ್ ಹತ್ರ ಹೋಗೋ ಮುಂಚೆ ನಾಚ್ಕೊಂಡು ಎಲ್ಲಾ ನುಣ್ಣಗೆ ಮಾಡ್ಕೊಂಡು ಹೋಗಬೇಡಿ. ಎಲ್ಲೆಲ್ಲಿ, ಎಷ್ಟೆಷ್ಟು ಬಂದಿದೆ ಅಂತ ಅವರು ನೋಡ್ಬೇಕಲ್ಲ!