ಕರೆಂಟ್ ಚೈನ್ ಸಾ: ಚೈನಿಗೆ ಎಣ್ಣೆ ಬರ್ತಾ ಇದೆಯಾ?

ರೈತ ಬಾಂಧವರಿಗೆ ನಮಸ್ಕಾರ.

ಮಳೆಗಾಲದ ಗಾಳಿಗೆ ತೋಟದಲ್ಲಿ ಒಂದಲ್ಲ ಒಂದು ಮರ ಬೀಳುತ್ತಲೇ ಇರುತ್ತದೆ. ಅದನ್ನು ತುಂಡು ಮಾಡೋಕೆ ಈಗ ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಕರೆಂಟಿನ ಚೈನ್ ಸಾ ಇದೆ. ಪ್ಲಗ್ ಹಾಕಿ ಸ್ವಿಚ್ ಒತ್ತಿದರೆ ಆಯ್ತು. ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸುವ ರಗಳೆ ಇಲ್ಲ, ಹಗ್ಗ ಎಳೆದು ಎಳೆದು ಕೈ ಸೋಲುವುದಿಲ್ಲ.

ಆದರೆ ಈ ಸುಲಭದಲ್ಲೇ ಒಂದು ತೊಂದರೆ ಅಡಗಿದೆ. ಪೆಟ್ರೋಲ್ ಮೆಷಿನ್ ಇಂಧನ ಮುಗಿದಾಗ ತಾನಾಗಿ ನಿಲ್ಲುತ್ತದೆ. ಪೆಟ್ರೋಲ್ ತುಂಬುವಾಗಲೇ ಚೈನ್ ಆಯಿಲ್ ಕೂಡ ತುಂಬಿಸುವುದು ರೂಢಿ. ಕರೆಂಟಿನದು ಹಾಗೆ ನಿಲ್ಲುವುದೇ ಇಲ್ಲ. ಎಣ್ಣೆ ಪೂರಾ ಮುಗಿದರೂ ಮೋಟಾರ್ ತಿರುಗುತ್ತದೆ, ಚೈನ್ ಓಡುತ್ತದೆ. ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಕಬ್ಬಿಣದ ಮೇಲೆ ಕಬ್ಬಿಣ ಒಣಗಿಯೇ ಉಜ್ಜುತ್ತದೆ. ಬಾರ್, ಅಂದರೆ ಚೈನ್ ಸುತ್ತುವ ಉದ್ದನೆಯ ಪಟ್ಟಿ, ಕಾದು ಅಂಚು ನೀಲಿ ಬಣ್ಣಕ್ಕೆ ತಿರುಗುತ್ತದೆ. ಚೈನ್ ಜಗ್ಗಿ ಸಡಿಲವಾಗುತ್ತದೆ, ಬಾರಿನಿಂದ ಕಳಚಿಕೊಳ್ಳುವ ಅಪಾಯವೂ ಇದೆ. ಹಾಗಾಗಿ ಎಣ್ಣೆಯ ಮೇಲೆ ನೀವೇ ಕಣ್ಣಿಡಬೇಕು. ಇನ್ನೊಂದು ಮಾತು: ಹೊಸ ಮೆಷಿನ್ನುಗಳು ಸಾಮಾನ್ಯವಾಗಿ ಖಾಲಿ ಆಯಿಲ್ ಟ್ಯಾಂಕಿನಲ್ಲೇ ಅಂಗಡಿಯಿಂದ ಬರುತ್ತವೆ. ಕರೆಂಟಿನದಕ್ಕೆ ಎಣ್ಣೆ ಯಾಕೆ ಅಂತ ಸುಮ್ನೆ ಓಡಿಸಿದರೆ, ಮೊದಲ ಮರ ಮುಗಿಯುವಷ್ಟರಲ್ಲಿ ಬಾರ್ ಹಾಳಾಗಿರುತ್ತದೆ.

ಎಣ್ಣೆ ಬರ್ತಾ ಇದೆಯೋ ಇಲ್ಲವೋ ತಿಳಿಯೋದು ಹೇಗೆ? ಒಂದು ರಟ್ಟು ಅಥವಾ ಹಳೇ ಪೇಪರ್ ಹಾಸಿ. ಬಾರಿನ ತುದಿಯನ್ನು ಅದಕ್ಕೆ ಒಂದು ಗೇಣು ದೂರದಲ್ಲಿ ಹಿಡಿದು ಮೆಷಿನ್ ಓಡಿಸಿ. ತುದಿ ಯಾವುದಕ್ಕೂ ತಾಗಬಾರದು. ಸ್ವಲ್ಪ ಹೊತ್ತಿನಲ್ಲಿ ರಟ್ಟಿನ ಮೇಲೆ ಸಣ್ಣ ಸಣ್ಣ ಹನಿಗಳ ಗೆರೆ ಮೂಡಬೇಕು. ಮೂಡಿದರೆ ಸರಿ. ಎಣ್ಣೆ ತುಂಬಿದ್ದೂ ರಟ್ಟು ಒಣಗಿಯೇ ಇದ್ದರೆ, ಎಲ್ಲೋ ದಾರಿ ಕಟ್ಟಿದೆ ಎಂದರ್ಥ.

ಆ ದಾರಿ ಹೀಗಿದೆ. ಟ್ಯಾಂಕಿನ ಒಳಗೆ ಒಂದು ರಬ್ಬರ್ ಪೈಪ್, ಅದರ ತುದಿಗೆ ಸಣ್ಣ ಫಿಲ್ಟರ್. ಪೈಪಿನಿಂದ ಎಣ್ಣೆ ಒಂದು ಪುಟ್ಟ ಪಂಪಿಗೆ ಹೋಗುತ್ತದೆ. ಮೋಟಾರ್ ತಿರುಗಿದಾಗ ಈ ಪಂಪೂ ತಿರುಗುತ್ತದೆ. ಅಲ್ಲಿಂದ ಮೆಷಿನ್ನಿನ ಮೈಯಲ್ಲಿರುವ ಒಂದು ತೂತಿನ ಮೂಲಕ ಎಣ್ಣೆ ಹೊರಬಂದು, ಬಾರಿನಲ್ಲಿರುವ ತೂತಿಗೆ ಸೇರಿ, ಬಾರಿನ ಅಂಚಿನ ಸೀಳಿಗೆ ಇಳಿಯುತ್ತದೆ. ಚೈನಿನ ಒಳಹಲ್ಲುಗಳು ಅದನ್ನು ಉದ್ದಕ್ಕೂ ಎಳೆದುಕೊಂಡು ಹೋಗುತ್ತವೆ.

ರಿಪೇರಿಯನ್ನು ಹೊರಗಿನಿಂದ ಶುರು ಮಾಡಿ. ಪ್ಲಗ್ ಕಿತ್ತು, ಬ್ಯಾಟರಿಯದ್ದಾದರೆ ಬ್ಯಾಟರಿ ತೆಗೆದಿಟ್ಟು, ಆಮೇಲೆ ಕೈಗೆ ಗ್ಲೌಸ್ ಹಾಕಿಕೊಂಡು ಪಕ್ಕದ ಕವರ್ ಬಿಚ್ಚಿ. ಹೆಚ್ಚಿನ ಸಲ ತೊಂದರೆ ಇಲ್ಲಿಯೇ ಕಾಣಿಸುತ್ತದೆ. ಎಣ್ಣೆಯಲ್ಲಿ ನೆನೆದ ಮರದ ಹೊಟ್ಟು ಕಪ್ಪು ಮುದ್ದೆಯಾಗಿ ಸ್ಪ್ರಾಕೆಟಿನ (ಚೈನನ್ನು ಓಡಿಸುವ ಹಲ್ಲಿನ ಚಕ್ರ) ಸುತ್ತ, ಬಾರಿನ ತೂತಿನಲ್ಲಿ, ಸೀಳಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ತೆಂಗು, ಅಡಿಕೆ ಮರ ಕೊಯ್ದ ಮೇಲೆ ಇದು ಜಾಸ್ತಿ, ಅದರ ನಾರು ಸೀಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಲಸಿನ ಮರದ್ದಾದರೆ ಅಂಟಿನ ಕಾಟ ಬೇರೆ. ಹಳೇ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಸೀಳನ್ನು ಉದ್ದಕ್ಕೂ ಕೆರೆದು ತೆಗೆಯಿರಿ. ಬಾರಿನ ತೂತಿಗೆ ಸಣ್ಣ ತಂತಿ ಹಾಕಿ. ಬಾರನ್ನು ಬೆಳಕಿಗೆ ಹಿಡಿದು ತೂತು ತೆರೆದಿದೆಯಾ ನೋಡಿ. ಮತ್ತೆ ಕೂರಿಸುವಾಗ ಮೆಷಿನ್ನಿನ ತೂತೂ ಬಾರಿನ ತೂತೂ ಎದುರುಬದುರು ಬರಬೇಕು. ಬಾರನ್ನು ಆಗಾಗ ಮೇಲೆಕೆಳಗೆ ಮಾಡಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ.

ಇಷ್ಟಾದರೂ ಎಣ್ಣೆ ಬರದಿದ್ದರೆ, ಬಾರ್, ಚೈನ್ ಎರಡನ್ನೂ ತೆಗೆದಿಟ್ಟು ಬರೀ ಮೆಷಿನ್ ಸ್ವಲ್ಪ ಹೊತ್ತು ಓಡಿಸಿ ನೋಡಿ. ತಿರುಗುವ ಸ್ಪ್ರಾಕೆಟಿನಿಂದ ಕೈ, ಬಟ್ಟೆ ದೂರ ಇರಲಿ. ಮೈಯ ತೂತಿನಿಂದ ಎಣ್ಣೆ ಜಿನುಗಿದರೆ ಪಂಪ್ ಚೆನ್ನಾಗಿದೆ, ತಪ್ಪು ಬಾರಿನಲ್ಲಿದೆ. ಜಿನುಗದಿದ್ದರೆ ತೊಂದರೆ ಒಳಗಿದೆ.

ಒಳಗೆ ಮೊದಲು ಅನುಮಾನಿಸಬೇಕಾದ್ದು ಫಿಲ್ಟರ್. ಬಾವಿಯ ಪಂಪಿನ ಫುಟ್‌ವಾಲ್ವಿಗೆ ಕಸ ಕಟ್ಟಿದರೆ ಮೋಟಾರ್ ಓಡಿದರೂ ನೀರು ಬರಲ್ಲ, ಅಲ್ವಾ? ಇಲ್ಲಿಯೂ ಹಾಗೆಯೇ. ತುದಿ ಬಗ್ಗಿಸಿದ ತಂತಿಯಿಂದ ಟ್ಯಾಂಕಿನ ಬಾಯಿಯ ಮೂಲಕ ಪೈಪನ್ನು ಮೆಲ್ಲಗೆ ಎಳೆದು ಫಿಲ್ಟರ್ ತೆಗೆಯಿರಿ. ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಪೈಪ್ ಬಿರುಕು ಬಿಟ್ಟಿದ್ದರೆ ಗಾಳಿ ಎಳೆಯುತ್ತದೆ, ಅದನ್ನು ಬದಲಿಸಿ. ಟ್ಯಾಂಕಿನ ಗಾಳಿ ತೂತು ಕಟ್ಟಿದರೂ ಎಣ್ಣೆ ಹೊರಗೆ ಬರುವುದಿಲ್ಲ. ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲ ಮಾಡಿ, ಮೆಷಿನ್ ಓರೆಯಾಗದಂತೆ ಹಿಡಿದು ಓಡಿಸಿ ನೋಡಿ. ಆಗ ಎಣ್ಣೆ ಬಂದರೆ ಗಾಳಿ ತೂತಿನದೇ ತಪ್ಪು.

ಇದ್ಯಾವುದೂ ಅಲ್ಲದಿದ್ದರೆ ಪಂಪ್. ಅನೇಕ ಕರೆಂಟ್ ಮೆಷಿನ್ನುಗಳಲ್ಲಿ ಪಂಪನ್ನು ತಿರುಗಿಸುವ ಗೇರ್ ಪ್ಲಾಸ್ಟಿಕ್ಕಿನದು. ಅದರ ಹಲ್ಲು ಸವೆದರೆ ಮೋಟಾರ್ ತಿರುಗುತ್ತದೆ, ಪಂಪ್ ತಿರುಗುವುದಿಲ್ಲ. ಈ ಕೆಲಸಕ್ಕೆ ಮೋಟಾರಿನ ಭಾಗವನ್ನೇ ಬಿಚ್ಚಬೇಕಾಗುತ್ತದೆ. ಮತ್ತೆ ಜೋಡಿಸುವಾಗ ವೈರ್ ತಪ್ಪಿದರೆ ಮೈಗೇ ಕರೆಂಟ್ ಹೊಡೆದೀತು, ಮೆಕ್ಯಾನಿಕ್ ಕೈಗೆ ಕೊಡಿ.

ಇನ್ನು ಎಣ್ಣೆಯ ವಿಷಯ. ಚೈನ್ ಆಯಿಲ್ ಅಂತಲೇ ಸಿಗುವುದರಲ್ಲಿ ಅಂಟಿನ ಗುಣ ಇರುತ್ತದೆ, ಓಡುವ ಚೈನಿನಿಂದ ಬೇಗ ಸಿಡಿದು ಹೋಗುವುದಿಲ್ಲ. ಅದು ಸಿಗದಿದ್ದಾಗ ಹೊಸ ಎಂಜಿನ್ ಆಯಿಲ್ ಹಾಕಿದರೆ ತಾತ್ಕಾಲಿಕಕ್ಕೆ ನಡೆಯುತ್ತದೆ. ಬೈಕಿನಿಂದ ಇಳಿಸಿದ ಕರಿ ಎಣ್ಣೆ ಮಾತ್ರ ದಯವಿಟ್ಟು ಬೇಡ. ಅದರಲ್ಲಿರುವ ಕಬ್ಬಿಣದ ಪುಡಿ ಪಂಪನ್ನು ತಿನ್ನುತ್ತದೆ. ಅದಕ್ಕಿಂತ ದೊಡ್ಡದು, ಕ್ಯಾನ್ಸರ್ ತರಬಲ್ಲ ಅಂಶಗಳೂ ಅದರಲ್ಲಿವೆ. ಚೈನ್ ಎರಚುವ ಎಣ್ಣೆ ನಿಮ್ಮ ಮೈ, ಮುಖದ ಮೇಲೇ ಬೀಳುವುದು, ಮಣ್ಣಿಗೂ ಸೇರುವುದು. ಮನೆಯ ತೆಂಗಿನೆಣ್ಣೆ ಹಾಕಬಹುದಲ್ಲ ಅನಿಸಬಹುದು. ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಧನುರ್ಮಾಸದ ಚಳಿಯಲ್ಲಿ ಬೆಳಗ್ಗೆ ಮೆಷಿನ್ ತೆಗೆದರೆ ಪೈಪಿನೊಳಗೆ ಬೆಣ್ಣೆ ಕೂತಿರುತ್ತದೆ. ತೆಳ್ಳಗಾಗಲಿ ಅಂತ ಟ್ಯಾಂಕಿಗೆ ಸೀಮೆಎಣ್ಣೆ, ಡೀಸೆಲ್ ಬೆರೆಸಬೇಡಿ. ಕಾರ್ಬನ್ ಬ್ರಷ್ ಇರುವ ಮೋಟಾರಿನಲ್ಲಿ ಕಿಡಿ ಹಾರುತ್ತಲೇ ಇರುತ್ತದೆ, ಬೆಂಕಿ ಹತ್ತೀತು.

ಕೊನೆಗೊಂದು ಸಮಾಧಾನದ ಮಾತು. ಕೆಲಸ ಮುಗಿಸಿ ಇಟ್ಟ ಮೆಷಿನ್ನಿನ ಅಡಿಯಲ್ಲಿ ಬೆಳಗ್ಗೆ ಸ್ವಲ್ಪ ಎಣ್ಣೆ ಕಂಡರೆ ಟ್ಯಾಂಕ್ ಒಡೆದಿದೆ ಅಂತ ಗಾಬರಿ ಬೇಡ. ಬಾರಿನಲ್ಲಿ, ಚೈನಿನಲ್ಲಿ ಉಳಿದ ಎಣ್ಣೆ ಇಳಿದು ಬಂದಿರುತ್ತದೆ. ಅಡಿಗೊಂದು ರಟ್ಟು ಇಟ್ಟರಾಯಿತು. ತಿಂಗಳುಗಟ್ಟಲೆ ಬಳಸುವುದಿಲ್ಲ ಅಂತಾದರೆ ಟ್ಯಾಂಕ್ ಖಾಲಿ ಮಾಡಿ, ಒರೆಸಿ ಇಡಿ.

ನಮಸ್ಕಾರ.