ಪರದೆಯ ಕೊನೆಯ ಸಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಮಾತುಗಳನ್ನು ನಾನು ಕಾಗದ ನೋಡಿಕೊಂಡು ಓದುತ್ತಿಲ್ಲ. ಮೈಕಿನ ಮುಂದೆ ಹಾಳೆ ತಿರುವಿದರೆ ಅದರ ಸರಪರ ಸದ್ದು ನಿಮ್ಮ ಕಿವಿಯವರೆಗೂ ಬರುತ್ತದೆ. ಅದನ್ನು ತಪ್ಪಿಸಲೆಂದೇ ಕೆಲವು ವರ್ಷಗಳ ಹಿಂದೆ ಸಣ್ಣದೊಂದು ಆ್ಯಪ್ ಬರೆದುಕೊಂಡೆ. ಬರಹವನ್ನು ದಪ್ಪ ಅಕ್ಷರಗಳಲ್ಲಿ ಮೊಬೈಲಿನ ಪರದೆ ತುಂಬ ತೋರಿಸುವುದು, ಬೆರಳು ತಾಗಿಸಿದರೆ ಮುಂದಿನ ಪುಟಕ್ಕೆ ಹೋಗುವುದು, ಅದರ ಕೆಲಸ ಇಷ್ಟೇ. ಗಡಿಯಾರ ಬೇಡ, ಬ್ಯಾಟರಿ ಎಷ್ಟು ಉಳಿದಿದೆ ಎಂಬ ಲೆಕ್ಕ ಬೇಡ, ಯಾರ ಸಂದೇಶ ಬಂತು ಎಂಬ ಗುರುತೂ ಬೇಡ. ಬರೀ ಅಕ್ಷರ ಸಾಕು. ಒಂದು ಸಂಜೆಯ ಕೆಲಸವೆಂದುಕೊಂಡಿದ್ದೆ, ಒಂದು ಸಂಜೆಯಲ್ಲೇ ಮುಗಿಯಿತು ಕೂಡ.

ಮರುದಿನ ಅದನ್ನು ಗೆಳೆಯನೊಬ್ಬನ ಫೋನಿಗೆ ಹಾಕಿ ಓದಲು ಕೊಟ್ಟೆ. ಅವನು ಚೆನ್ನಾಗಿಯೇ ಓದುತ್ತಿದ್ದ. ಪುಟದ ಕೊನೆಗೆ ಬಂದವನು "ಸಂಜೆ ಕತೆಗೆ ಮೇವು ಹಾಕಿದರು" ಎಂದು ಓದಿ, ನಿಂತು, ನನ್ನ ಮುಖ ನೋಡಿದ. ನಾನು ಬರೆದಿದ್ದದ್ದು ಕತ್ತೆಗೆ. ಕೊನೆಯ ಸಾಲಿನ ಕೆಳಗೆ ಇಳಿಬಿದ್ದಿದ್ದ ತಕಾರದ ಒತ್ತನ್ನು ಯಾವುದೋ ಕಪ್ಪು ಪಟ್ಟಿ ನುಂಗಿಹಾಕಿತ್ತು. ಕನ್ನಡದ ಅಕ್ಷರಗಳಿಗೆ ಮೇಲೆ ತಲೆಕಟ್ಟು, ಕೆಳಗೆ ಒತ್ತು. ಇಂಗ್ಲಿಷಿನ ಸಾಲಿನಲ್ಲಿ ಕೆಳಗಿನ ನಾಲ್ಕು ಚುಕ್ಕಿ, ಅಂದರೆ ಪಿಕ್ಸೆಲ್, ಮರೆಯಾದರೆ ಅಂದಾಜಿನಿಂದ ಓದಬಹುದು. ನಮ್ಮಲ್ಲಿ ಮಗ್ಗ ಹೋಗಿ ಮಗ ಬಂದು ಕೂರುತ್ತಾನೆ.

ಆಗಿದ್ದೇನೆಂದರೆ, ಪರದೆಯ ಅಂಚಿನವರೆಗೂ ಬರೆ ಎಂದು ನಾನು ಆ್ಯಪ್‌ಗೆ ಹೇಳಿದ್ದೆ. ಕೆಳಗಿನ ಪಟ್ಟಿಯನ್ನು ಮರೆಮಾಡು ಎಂದು ಹೇಳಿರಲಿಲ್ಲ. ನನ್ನ ಫೋನಿನಲ್ಲಿ ಆ ಪಟ್ಟಿಯ ಜಾಗದಲ್ಲಿ ಇದ್ದದ್ದು ತೆಳ್ಳನೆಯ ಒಂದು ಗೆರೆ, ಅದರ ಹಿಂದಿನ ಅಕ್ಷರ ಕಾಣುತ್ತಿತ್ತು. ಅವನ ಫೋನಿನಲ್ಲಿ ಮೂರು ಗುಂಡಿಗಳ ದಪ್ಪ ಪಟ್ಟಿ ಬರಹದ ಮೇಲೆಯೇ ಆಸನ ಹಾಕಿತ್ತು.

ಪೂರ್ಣ ಪರದೆ, ಅಂದರೆ ಫುಲ್ ಸ್ಕ್ರೀನ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರೊಳಗೆ ಬೇರೆ ಬೇರೆ ಕೆಲಸಗಳಿವೆ. ಗಡಿಯಾರ, ಬ್ಯಾಟರಿ ಕಾಣುವ ಮೇಲಿನ ಪಟ್ಟಿ ಸ್ಟೇಟಸ್ ಬಾರ್ ಮತ್ತು ಗುಂಡಿಗಳಿರುವ ಕೆಳಗಿನ ಪಟ್ಟಿ ನ್ಯಾವಿಗೇಶನ್ ಬಾರ್ ಎರಡನ್ನೂ ಕಣ್ಣಿಂದ ಮರೆಮಾಡುವುದು ಒಂದು. ಅವು ಇದ್ದಲ್ಲೇ ಇರಲಿ, ಅವುಗಳ ಹಿಂದೆಯೂ ನಮ್ಮ ಚಿತ್ರ ಹರಡಿರಲಿ ಎನ್ನುವುದು ಇನ್ನೊಂದು. ಭೂಪಟ ತೋರಿಸುವ ಆ್ಯಪ್‌ಗೆ ಎರಡನೆಯದು ಸಾಕು. ಗಡಿಯಾರದ ಅಂಕಿಯ ಹಿಂದೆ ನದಿಯ ತುದಿ ಕಂಡರೆ ಯಾರಿಗೂ ನಷ್ಟವಿಲ್ಲ. ವಿಡಿಯೋಗೆ, ಆಟಕ್ಕೆ, ನನ್ನಂತೆ ಓದುವವರಿಗೆ ಮೊದಲನೆಯದೇ ಬೇಕು. ಎಷ್ಟು ಜಾಗದ ಪ್ರಶ್ನೆ ಎಂದು ಕೇಳಿದರೆ, ಆಂಡ್ರಾಯ್ಡ್‌ನಲ್ಲಿ ಬಹುಕಾಲ ನಡೆದುಬಂದ ಅಳತೆ ಹೀಗಿದೆ: ಸ್ಟೇಟಸ್ ಬಾರ್ 24 ಡಿಪಿ, ಗುಂಡಿಗಳ ನ್ಯಾವಿಗೇಶನ್ ಬಾರ್ 48 ಡಿಪಿ. ಡಿಪಿ ಎಂದರೆ ಪರದೆಯ ಚುಕ್ಕಿಗಳು ಎಷ್ಟು ದಟ್ಟವಾಗಿದ್ದರೂ ಹೆಚ್ಚುಕಡಿಮೆ ಒಂದೇ ಗಾತ್ರ ಕಾಣುವಂತೆ ಮಾಡಿದ ಅಳತೆ. 640 ಡಿಪಿ ಎತ್ತರದ ಪರದೆಯಲ್ಲಿ ಎರಡೂ ಸೇರಿ 72. ಹೆಚ್ಚುಕಡಿಮೆ ಒಂಬತ್ತರಲ್ಲಿ ಒಂದು ಪಾಲು. ದಪ್ಪ ಅಕ್ಷರದಲ್ಲಿ ಓದುವವನಿಗೆ ಅದು ಒಂದೆರಡು ಸಾಲಿನ ಮಾತು.

ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯ ದೂರೂ ಇದೇ ಹೆಸರಿನಲ್ಲಿ ಬರುತ್ತದೆ. ಆ್ಯಪ್ ತೆರೆದರೆ ಮೇಲೆ ಕೆಳಗೆ ಕಪ್ಪು ಬಳಿದಂತೆ ಖಾಲಿ ಜಾಗ, ನಡುವೆ ಆ್ಯಪ್. ಇದು ಹಳೆಯ ಅಳತೆಗೆ ಹೊಲಿದ ಅಂಗಿಯ ಕತೆ. ಆ್ಯಪ್ ಬರೆದಾಗ ಇದ್ದ ಪರದೆಗಿಂತ ಈಗಿನ ಪರದೆ ಉದ್ದವಾಗಿದೆ. ಈ ಸಾಲಿನಲ್ಲಿ ನನಗೆ ಬಹಳ ಇಷ್ಟವಾದ ಪ್ರಸಂಗವೊಂದಿದೆ. 2012ರಲ್ಲಿ ಐಫೋನ್ 5 ಬಂದಾಗ ಪರದೆಯ ಅಗಲ 640 ಚುಕ್ಕಿಯೇ ಉಳಿದು, ಎತ್ತರ ಮಾತ್ರ 960ರಿಂದ 1136ಕ್ಕೆ ಏರಿತು. ಹಳೆಯ ಆ್ಯಪ್‌ಗಳೆಲ್ಲ ಮೇಲೊಂದು ಕೆಳಗೊಂದು 88 ಚುಕ್ಕಿಯ ಕಪ್ಪು ಪಟ್ಟಿಯ ನಡುವೆ ನಿಂತವು. ಈ ಆ್ಯಪ್ ಹೊಸ ಉದ್ದಕ್ಕೆ ಸಿದ್ಧವಾಗಿದೆಯೋ ಇಲ್ಲವೋ ಎಂದು ಫೋನಿಗೆ ಗೊತ್ತಾಗುತ್ತಿದ್ದದ್ದು ಹೇಗೆ ಗೊತ್ತೇ? ಆ್ಯಪ್ ತೆರೆಯುವಾಗ ಕ್ಷಣಕಾಲ ಕಾಣುವ ಚಿತ್ರವೊಂದು ಇರುತ್ತದಲ್ಲ, ಅದು ಹೊಸ ಅಳತೆಯಲ್ಲಿ, ಹೆಸರಿನ ಕೊನೆಗೆ 568ಎಚ್ ಎಂಬ ಬಾಲದೊಂದಿಗೆ ಇದ್ದರೆ ಸಿದ್ಧ, ಇಲ್ಲದಿದ್ದರೆ ಇಲ್ಲ. ಆ್ಯಪ್‌ನ ಒಳಗಿನ ಕೋಡನ್ನೆಲ್ಲ ತಿದ್ದಿ, ತಲೆ ಚಚ್ಚಿಕೊಂಡು, ಕಡೆಗೆ ಒಂದು ಚಿತ್ರವನ್ನು ಸೇರಿಸಿದೊಡನೆ ಕಪ್ಪು ಪಟ್ಟಿ ಮಾಯವಾಗುವುದನ್ನು ನೋಡಿ ನಕ್ಕವರು ಕಡಿಮೆಯೇನಿಲ್ಲ.

ಆಂಡ್ರಾಯ್ಡ್‌ಗೆ ಈ ಸರದಿ ಬಂದದ್ದು 2017ರ ಹೊತ್ತಿಗೆ, ಉದ್ದನೆಯ ಫೋನುಗಳು ಬಂದಾಗ. ಹಳೆಯ ಆ್ಯಪ್‌ಗಳ ಉದ್ದ ಅಗಲದ 1.86 ಪಟ್ಟು ಮೀರದಂತೆ ತಡೆಯುವ ನಿಯಮವಿತ್ತು. ಹೊಸ ಫೋನುಗಳ ಉದ್ದ ಅಗಲದ ಎರಡು ಪಟ್ಟು, ಅದಕ್ಕಿಂತ ಹೆಚ್ಚು. ಉಳಿದ ಜಾಗ ಕಪ್ಪಾಯಿತು. ಕೆಲವು ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಒಂದೊಂದು ಆ್ಯಪ್ ಅನ್ನೂ ಪೂರ್ಣ ಪರದೆಗೆ ಹಿಗ್ಗಿಸುವ ಆಯ್ಕೆ ಇರುವುದು ಇದಕ್ಕಾಗಿಯೇ. ಬಳಸುವವರು ಅಲ್ಲಿ ಹೋಗಿ ಒತ್ತಿದರೆ ಸಾಕು, ಬರೆದವರನ್ನು ಕಾಯಬೇಕಿಲ್ಲ.

ಇನ್ನು ಮರೆಮಾಡುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾವು ಆ್ಯಪ್ ಬರೆಯುವವರು ಮರೆಯುವುದೇನೆಂದರೆ, ಪರದೆ ನಮ್ಮ ಸ್ವಂತದ್ದಲ್ಲ. ಫೋನಿನ ಯಜಮಾನ ಅದರ ಕಾರ್ಯಾಚರಣಾ ವ್ಯವಸ್ಥೆ, ಅದಕ್ಕೂ ಮೇಲಿನ ಯಜಮಾನ ಫೋನು ಹಿಡಿದವರು. ನಮ್ಮದು ಬಾಡಿಗೆಯ ಮನೆ, ಕೋಣೆಯನ್ನೆಲ್ಲ ಬಳಸಬಹುದು, ಆದರೆ ಬಾಗಿಲಿಗೆ ಇಟ್ಟಿಗೆ ಕಟ್ಟುವಂತಿಲ್ಲ.

ಆಂಡ್ರಾಯ್ಡ್ ಈ ಬಾಡಿಗೆಯ ಕರಾರನ್ನು ಎಷ್ಟು ಅಳೆದೂ ಸುರಿದೂ ಬರೆಯಿತೆಂದು ನೋಡಿದರೆ ಸೋಜಿಗವಾಗುತ್ತದೆ. ಮೊದಮೊದಲು ಹಿಂದೆ ಹೋಗುವ, ಮನೆಗೆ ಹೋಗುವ ಗುಂಡಿಗಳು ಫೋನಿನ ಮೈಮೇಲೆ ಇದ್ದವು, ಪರದೆಯ ಹೊರಗೆ. 2011ರಲ್ಲಿ ಟ್ಯಾಬ್ಲೆಟ್‌ಗಳಿಗೆಂದು ಬಂದ 3.0 ಆವೃತ್ತಿಯಲ್ಲಿ, ಅದೇ ವರ್ಷದ ಕೊನೆಯಲ್ಲಿ ಫೋನುಗಳಿಗೂ ಬಂದ 4.0ರಲ್ಲಿ, ಅವು ಪರದೆಯ ಒಳಗೆ ಇಳಿದವು. ಅವನ್ನು ಮರೆಮಾಡಲು ಆ್ಯಪ್‌ಗಳಿಗೆ ಅನುಮತಿಯೂ ಸಿಕ್ಕಿತು, ಆದರೆ ಎಂಥ ಅನುಮತಿ! ಬೆರಳು ಎಲ್ಲಿ ತಾಗಿದರೂ ಪಟ್ಟಿ ಮರಳಿ ಬರುತ್ತಿತ್ತು. ಸುಮ್ಮನೆ ಕುಳಿತು ಸಿನಿಮಾ ನೋಡುವವರಿಗೆ ಅದು ಒಪ್ಪುತ್ತದೆ. ಆಟ ಆಡುವವರ ಗತಿ? ಪುಟ ತಿರುವಲು ಬೆರಳು ಇಡಲೇಬೇಕಾದವರ ಗತಿ?

2013ರಲ್ಲಿ ಬಂದ 4.4, ಕಿಟ್‌ಕ್ಯಾಟ್ ಎಂದು ಹೆಸರಾದದ್ದು, ಇದನ್ನು ಬಿಡಿಸಿತು. ಅದರ ಇಮ್ಮರ್ಸಿವ್ ಎಂಬ ಬಗೆಯಲ್ಲಿ ಬೆರಳು ಪರದೆಯ ನಡುವೆ ಎಲ್ಲಿ ಆಡಿದರೂ ಪಟ್ಟಿಗಳು ಬರುವುದಿಲ್ಲ. ಅಂಚಿನಿಂದ ಒಳಕ್ಕೆ ಎಳೆದರೆ ಮಾತ್ರ ಬರುತ್ತವೆ. ಸ್ಟಿಕಿ ಎಂಬ ಇನ್ನೊಂದು ಬಗೆಯಲ್ಲಿ ಬಂದವು ಅರೆಪಾರದರ್ಶಕವಾಗಿ ಸ್ವಲ್ಪ ಹೊತ್ತು ನಿಂತು ತಾವೇ ಹಿಂತಿರುಗುತ್ತವೆ. ನನ್ನ ಓದುವ ಆ್ಯಪ್‌ಗೆ ನಾನು ಆರಿಸಿದ್ದು ಈ ಎರಡನೆಯದನ್ನು. 2020ರ ಆಂಡ್ರಾಯ್ಡ್ 11ರಿಂದ ಈ ಹಳೆಯ ಸೂಚನೆಗಳೆಲ್ಲ ಬದಿಗೆ ಸರಿದು ವಿಂಡೋ ಇನ್‌ಸೆಟ್ಸ್ ಕಂಟ್ರೋಲರ್ ಎಂಬ ಒಂದೇ ಕಡೆಯಿಂದ ಕೆಲಸ ನಡೆಯುತ್ತದೆ. ಯಾವ ಪಟ್ಟಿಯನ್ನು ಮರೆಮಾಡಬೇಕು, ಎಳೆದಾಗ ಹೇಗೆ ಬರಬೇಕು ಎಂದು ಎರಡು ಮಾತು ಹೇಳಿದರೆ ಮುಗಿಯಿತು. ಹೆಸರು ಉದ್ದ, ಕೆಲಸ ಚಿಕ್ಕದು.

ಅಂಚಿನಿಂದ ಎಳೆದರೆ ಪಟ್ಟಿ ಬರುವುದನ್ನು ತಡೆಯುವ ಉಪಾಯ ಇದೆಯೇ ಎಂದು ಹೊಸದಾಗಿ ಆ್ಯಪ್ ಬರೆಯುವವರು ಕೇಳುತ್ತಾರೆ. ಸಾಮಾನ್ಯ ಆ್ಯಪ್‌ಗೆ ಇಲ್ಲ, ಇರಲೂ ಕೂಡದು. ಪರದೆ ಪೂರ್ತಿ ಕೈಗೆ ಸಿಕ್ಕಿದ ಕಪಟ ಆ್ಯಪ್ ಏನು ಮಾಡಬಹುದೆಂದು ಯೋಚಿಸಿ. ಸುಳ್ಳು ಗಡಿಯಾರ, ಸುಳ್ಳು ಬ್ಯಾಟರಿ ಗುರುತು ಬರೆದು, ಅದರ ಕೆಳಗೆ ನಿಮ್ಮ ಬ್ಯಾಂಕಿನ ಪುಟದಂತೆಯೇ ಕಾಣುವ ಪುಟ ಬರೆದು, ಗುಪ್ತಪದ ಕೇಳಬಹುದು. ಮೊದಲ ಸಲ ಪೂರ್ಣ ಪರದೆಗೆ ಹೋದಾಗ, ಹೊರಬರಲು ಮೇಲಿನಿಂದ ಎಳೆಯಿರಿ ಎಂದು ಆಂಡ್ರಾಯ್ಡ್ ತಾನೇ ಒಂದು ಸೂಚನೆ ತೋರಿಸುವುದು ಈ ಭಯದಿಂದ. ಬ್ರೌಸರ್‌ಗಳೂ ಹೀಗೆಯೇ. ಬಳಸುವವರು ಏನನ್ನಾದರೂ ಒತ್ತದೆ ವೆಬ್ ಪುಟವೊಂದು ತಾನಾಗಿ ಪರದೆ ತುಂಬಿಕೊಳ್ಳುವಂತಿಲ್ಲ. ಮಾಹಿತಿ ಕಿಯೋಸ್ಕ್‌ನಲ್ಲಿ ಮಾಡುವಂತೆ ಒಂದೇ ಆ್ಯಪ್‌ಗೆ ಫೋನನ್ನು ಕಟ್ಟಿಹಾಕಬೇಕಾದಾಗ ಬೇರೆ ವ್ಯವಸ್ಥೆಗಳಿವೆ: ಆಂಡ್ರಾಯ್ಡ್‌ನಲ್ಲಿ ಲಾಕ್ ಟಾಸ್ಕ್, ಐಫೋನಿನಲ್ಲಿ ಗೈಡೆಡ್ ಆ್ಯಕ್ಸೆಸ್. ಅವುಗಳ ಬೀಗದ ಕೈ ಸಾಧನದ ಒಡೆಯನ ಬಳಿ ಇರುತ್ತದೆ.

ಐಫೋನಿನ ಕೆಳಗಿನ ಗೆರೆಯ ವರ್ತನೆಯೂ ಇದೇ ಬಗೆಯ ರಾಜಿ. ಅದನ್ನು ಖಾಯಂ ಆಗಿ ತೆಗೆದುಹಾಕಲು ಆ್ಯಪ್‌ಗೆ ಬರುವುದಿಲ್ಲ. ಬೆರಳು ಆಡದಿದ್ದಾಗ ಮಾಸಿಹೋಗು ಎಂದು ಕೇಳಿಕೊಳ್ಳಬಹುದು, ಅಷ್ಟೇ. ಆಟಗಳಿಗಾಗಿ ಇನ್ನೊಂದು ಸೌಕರ್ಯವಿದೆ: ಮೊದಲ ಸಲ ಎಳೆದರೆ ಗೆರೆ ಕಾಣಿಸುತ್ತದೆ, ಎರಡನೆಯ ಸಲ ಎಳೆದರೆ ಮಾತ್ರ ಆ್ಯಪ್‌ನಿಂದ ಹೊರಗೆ. ಆಂಡ್ರಾಯ್ಡ್ 10ರಿಂದ ಎಡಬಲದ ಅಂಚಿನಿಂದ ಎಳೆದರೆ ಹಿಂದಕ್ಕೆ ಹೋಗುವ ಪದ್ಧತಿ ಬಂದಾಗ, ಅಂಚಿನಲ್ಲಿ ಗುಂಡಿ ಇಟ್ಟವರೆಲ್ಲ ಗೋಳಾಡಿದರು. ಈ ಭಾಗ ನನಗೆ ಬಿಡಿ ಎಂದು ಆ್ಯಪ್ ಕೇಳಬಹುದು, ಆದರೆ ಸಾಮಾನ್ಯವಾಗಿ ಒಂದೊಂದು ಅಂಚಿನಲ್ಲಿ ಸಿಗುವುದು 200 ಡಿಪಿ ಎತ್ತರ ಮಾತ್ರ.

ಇಷ್ಟೆಲ್ಲ ಕಲಿತು ಎರಡನೆಯ ಆವೃತ್ತಿ ಮಾಡಿದೆ. ಕೆಳಗಿನ ಒತ್ತುಗಳು ಬಂದವು. ಈಗ ಮೇಲೆ ಹೊಸ ತಕರಾರು. ಗೆಳೆಯ ಅಷ್ಟರಲ್ಲಿ ಫೋನು ಬದಲಿಸಿದ್ದ, ಹೊಸದರ ನೆತ್ತಿಯಲ್ಲಿ ಕ್ಯಾಮೆರಾಗೆಂದು ಕೊರೆದ ಕಚ್ಚು, ನಾಚ್ ಎನ್ನುತ್ತಾರಲ್ಲ, ಅದು ಇತ್ತು. ಸ್ಟೇಟಸ್ ಬಾರ್ ಮರೆಯಾದದ್ದು ನಿಜ, ಆದರೆ ಅದರ ಜಾಗ ನನಗೆ ಸಿಗಲಿಲ್ಲ. ಕಚ್ಚಿನ ಎತ್ತರಕ್ಕೂ ಕಪ್ಪು ಪಟ್ಟಿ ಬಂದು ನಿಂತಿತು. ಕಾರಣ, 2018ರ ಆಂಡ್ರಾಯ್ಡ್ 9 ಮಾಡಿದ ನಿಯಮ. ಸ್ಟೇಟಸ್ ಬಾರ್ ಇಲ್ಲದ ಆ್ಯಪ್ ಕಚ್ಚಿನ ಜಾಗಕ್ಕೆ ಬರಬೇಕಾದರೆ ಬರುತ್ತೇನೆಂದು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಿದೆ. ಅಕ್ಷರಗಳು ಮೇಲೇರಿದವು, ಮೊದಲ ಸಾಲಿನ ನಡುವಿನ ಎರಡು ಪದಗಳು ಕ್ಯಾಮೆರಾದ ಹಿಂದೆ ಹೋದವು!

ಆಗ ನನಗೆ ಇನ್‌ಸೆಟ್ ಎಂಬುದರ ಬೆಲೆ ತಿಳಿಯಿತು. ಯಾವ ಅಂಚಿನಿಂದ ಎಷ್ಟು ಒಳಗೆ ಸರಿದರೆ ಸುರಕ್ಷಿತ ಎಂಬ ಲೆಕ್ಕವನ್ನು ಫೋನೇ ಕೊಡುತ್ತದೆ. ಐಫೋನಿನವರು ಸೇಫ್ ಏರಿಯಾ ಎನ್ನುತ್ತಾರೆ, ಅದು ನಾಚ್ ಹೊತ್ತ ಐಫೋನ್ ಎಕ್ಸ್‌ನೊಂದಿಗೆ 2017ರಲ್ಲಿ ಬಂತು. ಹಿನ್ನೆಲೆಯ ಬಣ್ಣವನ್ನು ಅಂಚಿನವರೆಗೂ ಹರಡಿ, ಓದುವ ಅಕ್ಷರ ಮತ್ತು ಒತ್ತುವ ಗುಂಡಿಗಳನ್ನು ಆ ಲೆಕ್ಕದಷ್ಟು ಒಳಗೆ ಇಡಬೇಕು. ಅಳತೆಯನ್ನು ಕೈಯಿಂದ ಬರೆದಿಡುವ ಚಾಳಿ ಬಿಡಬೇಕು. ಇಂದು 24 ಇದ್ದದ್ದು ನಾಳೆಯ ಫೋನಿನಲ್ಲಿ ಬೇರೆಯಾಗಿರುತ್ತದೆ, ಫೋನು ಅಡ್ಡ ಮಾಡಿದರೆ ಕಚ್ಚು ಪಕ್ಕಕ್ಕೆ ಹೋಗುತ್ತದೆ. 2024ರ ಆಂಡ್ರಾಯ್ಡ್ 15ರಿಂದ ಇದು ಐಚ್ಛಿಕವಾಗಿಯೂ ಉಳಿದಿಲ್ಲ. ಆ ಆವೃತ್ತಿಗೆಂದು ಸಿದ್ಧಪಡಿಸಿದ ಆ್ಯಪ್‌ಗಳು ಕೇಳಲಿ ಬಿಡಲಿ, ಪಟ್ಟಿಗಳ ಹಿಂದಕ್ಕೂ ಹರಡಿಕೊಳ್ಳುತ್ತವೆ. ಇನ್‌ಸೆಟ್ ನೋಡದವರ ಗುಂಡಿಗಳು ಗಡಿಯಾರದ ಕೆಳಗೆ ಸಿಕ್ಕಿಕೊಳ್ಳುತ್ತವೆ. ಒಂದೇ ಕೋಡಿನಿಂದ ಎರಡೂ ಬಗೆಯ ಫೋನಿಗೆ ಆ್ಯಪ್ ಮಾಡುವ ಫ್ಲಟರ್‌ನಂಥ ಸಲಕರಣೆಯಲ್ಲಿ ಬರೆದರೂ ಒಳಗೆ ನಡೆಯುವುದು ಇದೇ.

ನನ್ನದೇ ಇನ್ನೊಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಉತ್ಸಾಹದಲ್ಲಿ ಇಡೀ ಆ್ಯಪ್ ಅನ್ನೇ ಪೂರ್ಣ ಪರದೆಗೆ ಹಾಕಿದ್ದೆ, ಬರಹ ತಿದ್ದುವ ಪುಟವನ್ನೂ ಸೇರಿಸಿ. ಕೀಬೋರ್ಡ್ ಮೇಲೆದ್ದಾಗ ಬರಹ ತಾನಾಗಿ ಕುಗ್ಗಿ ಜಾಗ ಕೊಡಬೇಕು. ಹಳೆಯ ಬಗೆಯ ಪೂರ್ಣ ಪರದೆಯಲ್ಲಿ ಅದು ಕುಗ್ಗುವುದಿಲ್ಲ, ಹಾಗೆಂದು ದಾಖಲೆಯಲ್ಲೇ ಬರೆದಿದೆ. ನಾನು ಓದಿರಲಿಲ್ಲ. ಬರೆಯುತ್ತಿದ್ದ ಸಾಲು ಕೀಬೋರ್ಡಿನ ಅಡಿಗೆ ಹೋಗಿ, ಕುರುಡನಂತೆ ತಿದ್ದಿದೆ. ಪೂರ್ಣ ಪರದೆ ಬೇಕಾದದ್ದು ಆ್ಯಪ್‌ಗಲ್ಲ, ಅದರ ಯಾವುದೋ ಒಂದು ಪುಟಕ್ಕೆ. ಓದುವ ಪುಟಕ್ಕೆ ಬಂದಾಗ ಪಟ್ಟಿಗಳು ಹೋಗಲಿ, ಹೊರಟಾಗ ಬರಲಿ. ಈಗ ಹಾಗೆ ಮಾಡಿದ್ದೇನೆ, ನೆಮ್ಮದಿಯಾಗಿದ್ದೇನೆ. ಹಣ ಕಳಿಸುವ, ಅರ್ಜಿ ತುಂಬುವ ಆ್ಯಪ್‌ಗಳು ಪರದೆಯನ್ನೆಲ್ಲ ಆಕ್ರಮಿಸಿಕೊಂಡು ಗಡಿಯಾರ ಮುಚ್ಚುವುದನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಪರದೆ ತುಂಬಿದ ಮಾತ್ರಕ್ಕೆ ಫೋನು ಎಚ್ಚರವಾಗಿರುವುದಿಲ್ಲ ಎಂಬುದನ್ನೂ ಸೇರಿಸಬೇಕು. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಅದು ಕಣ್ಣು ಮುಚ್ಚುತ್ತದೆ. ಆರದಿರು ಎಂಬುದು ಬೇರೆಯೇ ಕೋರಿಕೆ, ಅದನ್ನು ಬೇರೆಯಾಗಿ ಸಲ್ಲಿಸಬೇಕು. ಸಂದೇಶಗಳೂ ಅಷ್ಟೆ, ಪಟ್ಟಿ ಇಲ್ಲವೆಂದು ಅವು ಹೊರಗೆ ಕಾಯುವುದಿಲ್ಲ, ಮೇಲಿನಿಂದ ತಲೆ ಹಾಕುತ್ತವೆ. ಒಳಗೆ ಬರುವ ಮೊದಲು ಫೋನನ್ನು ಡು ನಾಟ್ ಡಿಸ್ಟರ್ಬ್‌ಗೆ ಹಾಕಿ ಬಂದಿದ್ದೇನೆ.

ಇಷ್ಟಾಗಿಯೂ ನನ್ನ ಪರದೆಯಲ್ಲಿ ಗಡಿಯಾರವಿಲ್ಲ, ನಾನೇ ಬೇಡವೆಂದದ್ದು. ಎಷ್ಟು ಹೊತ್ತಾಯಿತೆಂದು ತಿಳಿಯಲು ಮೇಲಿನ ಅಂಚಿನಿಂದ ಒಮ್ಮೆ ಎಳೆಯೋಣವೆಂದರೆ, ಗಾಜಿನ ಆಚೆ ಕುಳಿತವರು ಆಗಲೇ ಕೈ ಎತ್ತಿ ತೋರಿಸುತ್ತಿದ್ದಾರೆ. ನಮಸ್ಕಾರ.