ಕಾಲೇಜಿನ ಹೆಸರು ಅಂದರೆ ಹಳೇ ಸುದ್ದಿ

ನಮಸ್ಕಾರ್ರೀ. ಸಿಇಟಿ ರ‍್ಯಾಂಕ್ ಬಂತು ಅಂದರೆ ಕಲಬುರಗಿಯಲ್ಲಿ ಒಂದೇ ಮಾತು. ಜಗತ್ ಸರ್ಕಲ್‌ನಲ್ಲಿ ಚಹಾ ಕುಡಿಯುವಾಗ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲ ಕಡೆ: "ಮಗನ್ನ ಎಲ್ಲಿ ಹಚ್ಚೀರಿ?" "ಬೆಂಗಳೂರಾಗ" ಅಂದರೆ ಮುಗಿಯಿತು. ಯಾವ ಕಾಲೇಜು ಅಂತ ಯಾರೂ ಕೇಳುವುದಿಲ್ಲ. "ಇಲ್ಲೇ ಕಲಬುರ್ಗ್ಯಾಗ" ಅಂದು ನೋಡಿ. "ಯಾಕ್ರೀ, ಸೀಟ್ ಸಿಗಲಿಲ್ಲೇನು?"

ನಮ್ಮ ಅಕ್ಕನ ದೊಡ್ಡ ಮಗ ಹೀಗೇ ಬೆಂಗಳೂರಿಗೆ ಹೋದ. ಕಾಲೇಜಿನ ಹೆಸರು ಬೇಡ ಬಿಡಿ. ಪಿಜಿ ಬಾಡಿಗೆ ಕಟ್ಟಿ, ಎರಡು ಬಸ್ ಬದಲಿಸಿ ಹೋದರೆ ಲ್ಯಾಬ್‌ಗೆ ಬೀಗ. ಸೆಮಿಸ್ಟರ್ ಪರೀಕ್ಷೆ ಮುಗಿಸಿ ಬೀದರ್‌ನಲ್ಲಿ ಓದುವ ಗೆಳೆಯನಿಗೆ ಫೋನ್ ಮಾಡಿದ. ಇಬ್ಬರೂ ಬರೆದದ್ದು ಒಂದೇ ಪ್ರಶ್ನೆಪತ್ರಿಕೆ! ಎರಡೂ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜು, ಎರಡೂ ಸ್ವಾಯತ್ತ ಅಲ್ಲ, ಅಂದರೆ ತಮ್ಮದೇ ಪ್ರಶ್ನೆಪತ್ರಿಕೆ ಮಾಡಿಕೊಳ್ಳುವುದಿಲ್ಲ. ಸಿಲಬಸ್ ಒಂದೇ, ಪದವಿ ಪತ್ರವೂ ಒಂದೇ. ಖರ್ಚು ಮಾತ್ರ ಬೇರೆ.

ನನ್ನ ಪ್ರಕಾರ, ಕಾಲೇಜಿನ ಹೆಸರು ನಮ್ಮ ಹತ್ತಿರ ಬರುವ ಹೊತ್ತಿಗೆ ಇಪ್ಪತ್ತು ವರ್ಷ ಹಳೆಯದಾಗಿರುತ್ತದೆ. ಅಪ್ಪನ ಕಾಲದ ಪಟ್ಟಿ ಹಿಡಿದು ಮಗನ ಕಾಲೇಜು ಆರಿಸುತ್ತೇವೆ. ನಮ್ಮ ಅಜ್ಜಂದಿರಿಗೆ ದೊಡ್ಡ ಹೆಸರು ಅಂದರೆ ಹೈದರಾಬಾದಿನ ಉಸ್ಮಾನಿಯಾ. ಆಮೇಲೆ ಧಾರವಾಡ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು. ಅದಕ್ಕೂ ಮೊದಲೇ 1958ರಲ್ಲಿ ಪಿಡಿಎ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ವೈದ್ಯಕೀಯ ಕಾಲೇಜು ಎಂಆರ್‌ಎಂಸಿ ಶುರುವಾಗಿದ್ದವು. ಇವತ್ತಿಗೂ ಇಲ್ಲಿನ ಹಿರಿಯರು ಪಿಡಿಎ ಅನ್ನುವಾಗ ಎದೆ ಸ್ವಲ್ಪ ಮುಂದೆ ಬರುತ್ತದೆ. ಅದೇ ಮೂರಕ್ಷರ ಮೈಸೂರಿನಲ್ಲಿ ಹೇಳಿ, "ಎಲ್ಲಿದೆ ಅದು?" ಅಂತಾರೆ.

ಕಡಗಂಚಿಯ ಮಾತು ಹೇಳಲೇಬೇಕು. ಅಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಶುರುವಾಯಿತು. ಇಡೀ ರಾಜ್ಯಕ್ಕೆ ಅಂಥದ್ದು ಇರುವುದು ಅದೊಂದೇ. ಆಳಂದ ರಸ್ತೆಯ ಬಸ್ ಹತ್ತಿದರೆ ಮಲಯಾಳಂ ಕೇಳುತ್ತದೆ, ಹಿಂದಿ ಕೇಳುತ್ತದೆ. ಕೇರಳದ ಹುಡುಗಿ ಎರಡು ರೈಲು ಬದಲಿಸಿ ಇಲ್ಲಿ ಓದಲು ಬರುತ್ತಾಳೆ. ನಮ್ಮವರು? "ಆ ಬಯಲಾಗ ಏನದ ರೀ?" ಅಂತ ಅದೇ ರೈಲಿನಲ್ಲಿ ಎದುರು ದಿಕ್ಕಿಗೆ ಹೊರಡುತ್ತಾರೆ. ನಮ್ಮ ಮಕ್ಕಳಿಗೆ ಅಲ್ಲಿ ಸೇರಲು ಸಿಯುಇಟಿ ಅಂತ ಒಂದು ಪ್ರವೇಶ ಪರೀಕ್ಷೆ ಇದೆ ಅಂತಲೇ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ.

ಬೀದರ್‌ನದು ಇನ್ನೂ ಮಜಾ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಗೊತ್ತಲ್ವಾ? ಅಲ್ಲಿ ಓದಿದವರ ಪದವಿ ಬರುವುದು ಬೀದರ್‌ನ ವಿಶ್ವವಿದ್ಯಾಲಯದಿಂದ! ಮಂಗಳೂರಿನ ಮೀನುಗಾರಿಕೆ ಕಾಲೇಜಿಗೂ ಅದೇ. ಸಮುದ್ರವೇ ಕಾಣದ ಬೀದರ್ ಮೀನಿನ ಪದವಿ ಕೊಡುತ್ತದೆ. ಇನ್ನು ನೀಟ್ ಕೋಚಿಂಗ್‌ಗೆ ಬೇರೆ ರಾಜ್ಯದ ಮಕ್ಕಳೂ ಬೀದರ್‌ನ ಶಾಹೀನ್‌ಗೆ ಬಂದು ಹಾಸ್ಟೆಲ್‌ನಲ್ಲಿ ಕೂತು ಓದುತ್ತಾರೆ. ಊರು ದೂರ ಅನ್ನುವುದು ಅಲ್ಲಿ ಅಡ್ಡ ಬರಲಿಲ್ಲ.

ನಮ್ಮ ಕಡೆ ಎಲ್ಲ ಚೆಂದ ಅಂತ ನಾನು ಹೇಳುತ್ತಿಲ್ಲ. ಖಾಲಿ ಹುದ್ದೆ ಇವೆ, ಅತಿಥಿ ಉಪನ್ಯಾಸಕರ ಮೇಲೇ ನಡೆಯುವ ವಿಭಾಗಗಳಿವೆ. ಕಂಪನಿಗಳು ಬೆಂಗಳೂರಿನಲ್ಲಿರುವುದರಿಂದ ಕ್ಯಾಂಪಸ್ ಸಂದರ್ಶನ ಅಲ್ಲಿ ಜಾಸ್ತಿ. ಅದು ಸುಳ್ಳಲ್ಲ. ಆದರೆ ಕಟ್‌ಆಫ್ ನೋಡಿ ಕಾಲೇಜು ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಬಾಗಿಲ ಹೊರಗೆ ಯಾರು ಸಾಲು ನಿಂತಿದ್ದಾರೆ ಅಂತ ಅದು ಹೇಳುತ್ತದೆ. ಒಳಗೆ ಏನು ಕಲಿಸುತ್ತಾರೆ ಅಂತ ಹೇಳುವುದಿಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಇಲ್ಲಿನ ಸೀಟುಗಳಲ್ಲಿ ನೂರಕ್ಕೆ 70 ನಮ್ಮ ಭಾಗದವರಿಗೇ ಮೀಸಲು. ಅಷ್ಟು ಸುಲಭಕ್ಕೆ ಸಿಗುತ್ತದೆ ಅಂತ ಅದನ್ನೇ ಹಗುರ ಮಾಡುತ್ತೇವೆ.

ಈ ವರ್ಷ ಅಕ್ಕನ ಸಣ್ಣ ಮಗನ ಸರದಿ. ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವುದಕ್ಕೆ ಮೊದಲು ನಾನೂ ಅವನೂ ಇಲ್ಲಿನ ನಾಲ್ಕು ಕಾಲೇಜು ತಿರುಗಬೇಕು ಅಂತ ಮಾಡಿದ್ದೇವೆ. ಭಾನುವಾರ ಅಲ್ಲ, ಕ್ಲಾಸ್ ನಡೆಯುವ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಪ್ರಿನ್ಸಿಪಾಲರ ಕೋಣೆಗೆ ಹೋಗುವುದಿಲ್ಲ. ಕ್ಯಾಂಟೀನ್‌ನಲ್ಲಿ ಕೊನೆ ವರ್ಷದ ಹುಡುಗರ ಪಕ್ಕ ಕೂತು ಲ್ಯಾಬ್ ವಾರಕ್ಕೆ ಎಷ್ಟು ಸಲ ತೆರೆಯುತ್ತದೆ ಅಂತ ಕೇಳುತ್ತೇವೆ. ಅಕ್ಕ ಬುತ್ತಿ ಕಟ್ಟಿಕೊಡುತ್ತೇನೆ ಅಂದಿದ್ದಾಳೆ. ಭಾವ ಮಾತ್ರ ನಿನ್ನೆ ರಾತ್ರಿ ಮೆಲ್ಲಗೆ ಕೇಳಿದರು: "ಅಲ್ಲೋ, ಬೆಂಗಳೂರಾಗ ಏನರ ಸಿಗತದೇನ್ ನೋಡು?"